ಅಳತೆಗೋಲೇ ಓರೆಯಾದರೆ

ನಿಮ್ಮಲ್ಲಿ ಅಧ್ಯಾಪಕರಾದವರು ಬಿ.ಎಡ್. ತರಗತಿಯಲ್ಲಿ ಕೋಲ್ಬರ್ಗರ ನೈತಿಕ ವಿಕಾಸದ ಆರು ಹಂತಗಳನ್ನು ಓದಿಯೇ ಇರುತ್ತೀರಿ. ಆ ಸಿದ್ಧಾಂತಕ್ಕೆ ತಳಹದಿಯಾದ 1958ರ ಅವರ ಸಂಶೋಧನಾ ಪ್ರಬಂಧವು ಅಮೆರಿಕದ ಬಾಲಕರನ್ನು ಮಾತ್ರ ಆಧರಿಸಿತ್ತೆಂಬುದು ಬಹುಮಂದಿಗೆ ತಿಳಿಯದು.

ಇದನ್ನು ಪ್ರಶ್ನಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರೊಡನೆ ದುಡಿದಿದ್ದ ಕ್ಯಾರಲ್ ಗಿಲಿಗನ್. 1982ರ ‘ಇನ್ ಎ ಡಿಫರೆಂಟ್ ವಾಯ್ಸ್’ ಗ್ರಂಥದಲ್ಲಿ ಅವರು 11 ವರ್ಷದ ಇಬ್ಬರು ಮಕ್ಕಳ ಉತ್ತರಗಳನ್ನು ಹೋಲಿಸಿದರು. ಪ್ರಶ್ನೆ ಇದು: ಮರಣಶಯ್ಯೆಯಲ್ಲಿರುವ ಹೆಂಡತಿಗಾಗಿ, ತಾನು ಕೊಳ್ಳಲಾಗದ ಔಷಧವನ್ನು ಗಂಡ ಕದಿಯಬಹುದೇ? ಹಣಕ್ಕಿಂತ ಜೀವ ದೊಡ್ಡದು, ಕದಿಯಲಿ ಎಂದ ಜೇಕ್. ಸಾಲ ಮಾಡಬಹುದಲ್ಲ, ಅವನು ಸೆರೆಮನೆ ಸೇರಿದರೆ ಹೆಂಡತಿಯ ರೋಗ ಉಲ್ಬಣಿಸಬಹುದಲ್ಲ ಎಂದಳು ಏಮಿ. ಕೋಲ್ಬರ್ಗರ ಮಾನದಂಡದಲ್ಲಿ ಏಮಿ ಒಂದು ಪೂರ್ಣ ಹಂತ ಕೆಳಗೆ ಕಾಣುತ್ತಾಳೆ!

ಏಮಿಗೆ ವಿವೇಕವಿಲ್ಲವೆಂದಲ್ಲ; ಅವಳ ವಿವೇಕವನ್ನು ಗುರುತಿಸುವ ಗೆರೆಯೇ ಆ ಅಳತೆಗೋಲಿನಲ್ಲಿರಲಿಲ್ಲ. ಅನ್ಯಾಯವು ಎಷ್ಟೋ ವೇಳೆ ದಬ್ಬಾಳಿಕೆಯ ರೂಪದಲ್ಲಲ್ಲ, ನಿಷ್ಪಕ್ಷಪಾತದ ವೇಷದಲ್ಲಿ ಬರುತ್ತದೆ.

ಹಾಗೆಂದು ಆರೈಕೆಯೇ ಹೆಣ್ಣಿನ ಹುಟ್ಟುಗುಣವೆಂದು ಸಾರುವುದು ಹಳೆಯ ನೊಗಕ್ಕೆ ಹೊಸ ಬಣ್ಣ ಬಳಿದಂತೆ. 1984ರಲ್ಲಿ ಲಾರೆನ್ಸ್ ವಾಕರ್ ಅನೇಕ ಅಧ್ಯಯನಗಳನ್ನು ಪರಿಶೀಲಿಸಿದಾಗ, ಬಹುಪಾಲಿನಲ್ಲಿ ಗಂಡು ಹೆಣ್ಣುಗಳ ನಡುವೆ ಅಂತರವೇ ಕಾಣಲಿಲ್ಲ. ಪ್ರೌಢವಾದ ಆರೈಕೆಯು ತನ್ನನ್ನೂ ಒಳಗೊಳ್ಳಬೇಕೆಂಬುದು ಗಿಲಿಗನ್ನರದೇ ವಾದ. ನನಗೆ ಬಹಳ ಹಿಡಿಸಿದ್ದು ಈ ಮಾತು.

ಆದ್ದರಿಂದ ಮಗುವಿನ ಉತ್ತರ ತಪ್ಪೆನ್ನುವ ಮುನ್ನ, ಆ ಪ್ರಶ್ನೆ ಯಾರನ್ನು ಮನಸ್ಸಿನಲ್ಲಿಟ್ಟು ರಚಿತವಾಯಿತೆಂದು ವಿಚಾರಿಸಿ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವವಳನ್ನು ತ್ಯಾಗಮಯಿಯೆಂದು ಹೊಗಳುವುದಕ್ಕಿಂತ, ನಿಮ್ಮ ಪಂಕ್ತಿಯಲ್ಲೇ ಅವಳಿಗೂ ಒಂದು ಎಲೆ ಹಾಕಿ.