ಓಡುವವರಿಗೆ ಯಾಕೆ ಕೊಡಬೇಕು?

ಆಸ್ಪತ್ರೆಗೋ ಅನಾಥಾಶ್ರಮಕ್ಕೋ ಹಣ ಬೇಕಿದ್ದರೆ ನೇರವಾಗಿ ಕೊಟ್ಟರಾಯಿತು. ಅದಕ್ಕಾಗಿ ಒಬ್ಬರು 42.195 ಕಿಲೋಮೀಟರ್ ಓಡುವುದೇಕೆ? 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಶುರುವಾದ ಮೇಲೆ ಓಡಿ ನಿಧಿ ಕೂಡಿಸುವ ರೂಢಿ ನಮ್ಮಲ್ಲೂ ಬೆಳೆಯಿತು, ಜೊತೆಗೆ ಈ ಪ್ರಶ್ನೆಯೂ. ತಯಾರಿಯ ನಾಲ್ಕು ತಿಂಗಳ ಬೆವರನ್ನು ಊರ ಕೆರೆಯ ಹೂಳೆತ್ತಲು ಸುರಿಸಬಾರದೇ ಎನ್ನುವವರ ಮಾತನ್ನು ತಳ್ಳಿಹಾಕಲಾರೆ.

ಆದರೆ ಮೈದಣಿವಿಗೂ ಕೊಡುಗೆಗೂ ಇರುವ ನಂಟು ನಮಗೆ ಹೊಸದಲ್ಲ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರು ಬಸ್ಸಿಲ್ಲವೆಂದು ನಡೆಯುವುದಿಲ್ಲ. ದಾರಿಯಲ್ಲಿ ಅವರಿಗೆ ಮಜ್ಜಿಗೆ, ಪಾನಕ ಕೊಡುವವರು ಕಾರಣ ಕೇಳುವುದೂ ಇಲ್ಲ. ಸತ್ಕಾರ್ಯಕ್ಕಾಗಿ ತಾವೇ ನೋವುಂಡು ಶ್ರಮಪಡಬೇಕಾದಾಗ ಜನ ಹೆಚ್ಚು ಕೊಡಲು ಮುಂದಾಗುತ್ತಾರೆಂದು ಒಲಿವೊಲಾ, ಶಫೀರ್ ಎಂಬ ಸಂಶೋಧಕರು 2013ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಒಂದು ವ್ಯತ್ಯಾಸವಂತೂ ಇದೆ. ಹರಕೆ ಹೊತ್ತವರು ತಮ್ಮ ಮುಡಿಪನ್ನು ತಾವೇ ಒಪ್ಪಿಸುತ್ತಾರೆ. ಓಟಗಾರರು ಇತರರ ಮುಂದೆ ಕೈಚಾಚುತ್ತಾರೆ. ಹಾಗೆ ಕೇಳುವ ಹಕ್ಕು ಓಟದ ದಿನ ಹುಟ್ಟುವುದಲ್ಲ, ಅದರ ಹಿಂದಿನ ತಿಂಗಳುಗಳಲ್ಲಿ ಸಂಪಾದನೆಯಾಗುವುದು ಎಂಬುದು ನನ್ನ ವಾದ.

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್. ಹೋಗಿ ಬಂದರೆ 32. ಮ್ಯಾರಥಾನಿಗೆ ಮೂರು ವಾರ ಮುಂಚೆ ಓಡುವ ಅತಿ ದೂರದ ಅಭ್ಯಾಸವೂ ಸಾಮಾನ್ಯವಾಗಿ ಇಷ್ಟೇ. ಅಷ್ಟು ದೂರಕ್ಕೆ ಅಣಿಯಾಗುವುದು ವಾರದೊಪ್ಪತ್ತಿನ ಮಾತಲ್ಲ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ನಿಧಾನ. ಹುರುಪಿನಲ್ಲಿ ದೂರ ಏರಿಸಿದವರು ಮೊಣಕಾಲು ಹಿಡಿದು ಕೂರುತ್ತಾರೆ. ಮೂವತ್ತು ಕಿಲೋಮೀಟರಿನ ಆಸುಪಾಸಿಗೆ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಬರಿದಾಗತೊಡಗುವುದರಿಂದ ಓಡುತ್ತಲೇ ತಿನ್ನುವುದನ್ನೂ ಹೊಟ್ಟೆಗೆ ಕಲಿಸಬೇಕು. ಇದನ್ನೆಲ್ಲ ನಟಿಸಲಾಗದು. ಅರಸೀಕೆರೆಯಂಥ ಊರಿನಲ್ಲಿ ಮುಚ್ಚಿಡಲೂ ಆಗದು. ಮೊದಲ ರೈಲಿಗೆ ಹೊರಟವರು, ಡೇರಿಗೆ ಹಾಲು ತಂದವರು, ಕೊಬ್ಬರಿ ಚೀಲ ಹೊತ್ತು ಮಾರುಕಟ್ಟೆಗೆ ಬಂದವರು ಓಡುವವರನ್ನು ದಿನವೂ ನೋಡಿರುತ್ತಾರೆ; ಎರಡು ದಿನ ಕಾಣದಿದ್ದರೆ ಯಾಕೆಂದು ಕೇಳುತ್ತಾರೆ. ಅಪರಿಚಿತರ ಫೋನಿಗೆ ಕಳಿಸುವ ಲಿಂಕಿಗೆ ಇಲ್ಲದ ತೂಕ ಇಂಥವರ ಮುಂದಿಡುವ ಕೋರಿಕೆಗೆ ಇದೆ.

ಕ್ಯಾನ್ಸರಿಗೆ ಬಲಗಾಲು ಕಳೆದುಕೊಂಡ ಕೆನಡಾದ ಟೆರ್ರಿ ಫಾಕ್ಸ್, 1980ರಲ್ಲಿ ಕೃತಕ ಕಾಲಿನಲ್ಲಿ ದೇಶ ದಾಟಲು ಹೊರಡುವ ಮುಂಚೆ ಒಂದು ವರ್ಷಕ್ಕೂ ಮಿಕ್ಕಿ ಅಭ್ಯಾಸ ಮಾಡಿ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದ್ದ. 143 ದಿನ, 5,373 ಕಿಲೋಮೀಟರ್ ಆದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಬೇಕಾಯಿತು. ಗುರಿ ಮುಟ್ಟಲಿಲ್ಲ, ಆದರೂ ತಲೆಗೊಂದು ಡಾಲರ್‌ನಂತೆ ಅವನು ಕೇಳಿದ್ದ ಹಣ ಮುಂದಿನ ಫೆಬ್ರವರಿಯೊಳಗೆ ಕೂಡಿತು. ಜನ ಕೊಟ್ಟದ್ದು ಪದಕಕ್ಕಲ್ಲ.

ನಂಬಿ ಕೊಟ್ಟದ್ದಕ್ಕೆ ಲೆಕ್ಕವೂ ಬೇಕು. ಹಳೇಬೀಡು, ಅರಸೀಕೆರೆ ಸೀಮೆಯ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಭೂಮಿಯ ಎಲ್ಲೆ, ಅದು ನಂದಾದೀಪಕ್ಕೋ ನೈವೇದ್ಯಕ್ಕೋ ಎಂಬುದು ಎಲ್ಲರೂ ಓದುವಂತೆ ಕಲ್ಲಿನಲ್ಲಿದೆ. ಇಂದಿನ ಓಟಗಾರರೂ ಅಷ್ಟೇ ಬಿಚ್ಚುಮನಸ್ಸಿನವರಾಗಬೇಕು. ಶೂ, ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ಅವರ ಸ್ವಂತದ್ದಿರಲಿ. ಕೂಡಿದ ಹಣ ಪೂರ್ತಿ ಸಂಸ್ಥೆಗೆ ಹೋಗಲಿ, ಐವತ್ತು ರೂಪಾಯಿ ಕೊಟ್ಟವರ ಕೈಗೂ ರಸೀದಿ ತಲುಪಲಿ. ವರ್ಷದ ಕೊನೆಗೆ ಆ ಹಣದಿಂದ ಏನಾಯಿತೆಂದು ಸಂಸ್ಥೆಯನ್ನು ಕೇಳಿ, ಅದೇ ಜನರಿಗೆ ಬಂದು ಹೇಳುವುದೂ ಅವರದೇ ಕೆಲಸ.