ಹೊಸ್ತಿಲ ಹೊರಗಿನ ಸೇವೆ

ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಓದುವ ತರುಣರು ವರ್ಷಕ್ಕೊಮ್ಮೆ ಹಳ್ಳಿಗೆ ಹೋಗಿ ಏಳು ದಿನ ಸೇವೆ ಮಾಡಿ ಬರುವ ಪದ್ಧತಿಯೊಂದುಂಟು. ಅದೇ ತರುಣರಲ್ಲಿ ಅನುಕೂಲವುಳ್ಳ ಕೆಲವರು, ಸ್ವಯಂಸೇವಕರೆಂದೋ ವಿನಿಮಯದ ವಿದ್ಯಾರ್ಥಿಗಳೆಂದೋ ಪರದೇಶಕ್ಕೆ ಹೋಗಿ, ಅಲ್ಲಿನ ಗೃಹಸ್ಥರ ಮನೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಬರುವುದೂ ಉಂಟು. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಎರಡೂ ಶ್ಲಾಘ್ಯವಾಗಿಯೇ ಕಾಣುವುವು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದರೆ ಮಾತ್ರ, ವಿದ್ಯಾವಂತರೆನಿಸಿಕೊಂಡ ನಾವು ತಲೆತಗ್ಗಿಸಬೇಕಾದ ವಿಷಯವೊಂದು ಹೊರಬೀಳುತ್ತದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಈ ಲೇಖನದ ಉದ್ದೇಶ. ಮಾತು ಕಟುವಾಗಿ ತೋರಿದರೆ ವಾಚಕರು ಕ್ಷಮಿಸಬೇಕು. ಸುಳ್ಳೆಂದು ತೋರಿದರೆ ಮಾತ್ರ ಕ್ಷಮಿಸಬೇಕಾಗಿಲ್ಲ.

ಪರದೇಶದಲ್ಲಿ ಅನ್ಯರ ಮನೆಯಲ್ಲಿದ್ದು ಬಂದವರನ್ನು ಕೇಳಿ ನೋಡಿ. ಹೋದ ಕೆಲಸದ ವಿಚಾರವನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ. ಮಕ್ಕಳಿಗೆ ಪಾಠ ಹೇಳಿದ್ದು, ತೋಟದಲ್ಲಿ ದುಡಿದದ್ದು, ವೃದ್ಧರ ಶುಶ್ರೂಷೆ ಮಾಡಿದ್ದು, ಇಷ್ಟೇ. ಮನೆಯ ವಿಚಾರಕ್ಕೆ ಬಂದರೆ ಮಾತು ನಿಲ್ಲುವುದಿಲ್ಲ. ಊರಿನಲ್ಲಿ ಉಂಡ ತಟ್ಟೆಯನ್ನು ಎತ್ತಿಡದಿದ್ದ ಹುಡುಗನು ಅಲ್ಲಿ ಎಲ್ಲರ ತಟ್ಟೆಗಳನ್ನೂ ತೊಳೆದನು. ಭಾಷೆ ಬಾರದೆ ತಡವರಿಸುವಾಗ ಆ ಮನೆಯ ಐದು ವರ್ಷದ ಮಗುವೇ ಅವನಿಗೆ ಉಪಾಧ್ಯಾಯನಾಯಿತು. ಮಾಂಸ ತಿನ್ನದವನಿಗಾಗಿ ಮನೆಯಾಕೆ ಬೇರೆ ಪಾತ್ರೆಯಿಟ್ಟು ಅಡಿಗೆ ಮಾಡಿದಳು. ಅದಕ್ಕೆ ಉಪ್ಪು ಹುಳಿ ಸಾಲದಿದ್ದರೂ ಅವನು ಹೊಗಳಿ ಉಂಡನು. ಜ್ವರ ಬಂದ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತವಳೂ ಆಕೆಯೇ. ಹೀಗೆ ನೆನೆಯುತ್ತ ಅವರ ಕಣ್ಣು ತೇವವಾಗುವುದನ್ನು ನಾವು ಕಂಡಿದ್ದೇವೆ. ಅವರು ಅಲ್ಲಿಗೆ ಕೊಡಲು ಹೋಗಿದ್ದರು, ಪಡೆದುಕೊಂಡು ಬಂದರು. ಈ ಸತ್ಯವನ್ನು ಅವರಿಗೆ ಕಲಿಸಿದ್ದು ಕೆಲಸವಲ್ಲ, ಮನೆ.

ಇದು ಆಕಸ್ಮಿಕವಲ್ಲ, ಅನುಭವದಿಂದ ಕಂಡುಕೊಂಡ ಕ್ರಮ. 1932ರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ಎಂಬವರು ನಾನಾ ದೇಶಗಳ ಹುಡುಗರಲ್ಲಿ ಸ್ನೇಹ ಬೆಳೆಯಲೆಂದು ಸ್ವಿಟ್ಸರ್ಲೆಂಡಿನಲ್ಲಿ ಅವರನ್ನು ಒಂದು ಶಿಬಿರದಲ್ಲಿ ಕೂಡಿಸಿದರು. ಬಯಸಿದ ಫಲ ದೊರೆಯಲಿಲ್ಲ. ಆಮೇಲೆ ಅವರು ಶಿಬಿರವನ್ನು ಬಿಟ್ಟು ಹುಡುಗರನ್ನು ಆಯಾ ಊರಿನ ಸಂಸಾರಗಳಲ್ಲಿ ಇರಿಸತೊಡಗಿದರು. ಇಂದು ಲೋಕದ ಎಲ್ಲ ಕಡೆಯೂ ನಡೆಯುವ ಈ ಬಗೆಯ ವಿನಿಮಯಗಳಿಗೆ ಆ ಪ್ರಯೋಗವೇ ಮೇಲ್ಪಂಕ್ತಿಯಾಯಿತು. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಸ್ವಯಂಸೇವಕರು ನಮ್ಮ ದೇಶದಲ್ಲಿ ಕೆಲಸ ಮಾಡಿದರು; ಆಗಿನ ಮೈಸೂರು ರಾಜ್ಯಕ್ಕೂ ಬಂದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಕಾರ್ಟರ್ ತಮ್ಮ 68ನೆಯ ವಯಸ್ಸಿನಲ್ಲಿ, 1966ರಲ್ಲಿ, ಮುಂಬಯಿಯ ವಿಕ್ರೋಳಿಗೆ ದಾದಿಯಾಗಿ ಬಂದವರು ಈ ಸಂಸ್ಥೆಯ ಮೂಲಕವೇ. ಇವರೆಲ್ಲರೂ ಮಾಡಿದ ಕೆಲಸ ಹಿರಿದೋ ಕಿರಿದೋ, ಆ ಚರ್ಚೆ ಬೇರೆ. ಜನರ ನಡುವೆ ವಾಸಿಸದೆ ಜನಸೇವೆಯಿಲ್ಲವೆಂಬ ತತ್ತ್ವವನ್ನಂತೂ ಅವರು ಒಪ್ಪಿದ್ದರು.

ಈಗ ನಮ್ಮ ಹಳ್ಳಿಗಳ ಕಡೆಗೆ ತಿರುಗೋಣ. ರಾಷ್ಟ್ರೀಯ ಸೇವಾ ಯೋಜನೆಯು ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು ಆರಂಭವಾಯಿತು. ಸೇರಿದ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲುಗೊಳ್ಳಬೇಕು. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಯೋಜನೆಯಲ್ಲಿ ನಮಗೆ ದೋಷ ಕಾಣದು. ಅದನ್ನು ನಡೆಸುವ ರೀತಿಯಲ್ಲಿ ದೋಷವುಂಟು.

ಶಿಬಿರವೆಂದರೆ ಏನಾಗಿದೆಯೆಂಬುದನ್ನು ಬಲ್ಲವರು ಬಲ್ಲರು. ಊರಿನ ಶಾಲೆಯ ಕಟ್ಟಡವೇ ಬಿಡಾರ. ಪೇಟೆಯಿಂದ ಅಕ್ಕಿ, ಬೇಳೆ, ತರಕಾರಿಗಳ ಜತೆಗೆ ಅಡಿಗೆಯವನೂ ಬರುತ್ತಾನೆ. ಬೆಳಗ್ಗೆ ಧ್ವಜವಂದನೆ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಹಾಡು ನಾಟಕ. ಚರಂಡಿ ಶುಚಿಯಾಗುತ್ತದೆ, ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ, ನಾಲ್ಕು ಗಿಡಗಳನ್ನು ನೆಡುತ್ತಾರೆ. ಏಳನೆಯ ದಿನ ಸಮಾರೋಪ, ಹಾರ, ಛಾಯಾಚಿತ್ರ. ಎಂಟನೆಯ ದಿನ ಊರು ಇದ್ದಂತೆಯೇ ಇರುತ್ತದೆ; ಹುಡುಗರೂ ಇದ್ದಂತೆಯೇ ಇರುತ್ತಾರೆ.

ಇಂತಹ ಒಂದು ಸಮಾರೋಪಕ್ಕೆ ಈ ಲೇಖಕನು ಭಾಷಣಕಾರನಾಗಿ ಹೋಗಿದ್ದನು. ಹೊಳಲ್ಕೆರೆ ತಾಲ್ಲೂಕಿನ ಒಂದು ಗ್ರಾಮ. ಭಾಷಣ ಮುಗಿಸಿ ಹೊರಟಾಗ ಊರಂಚಿನ ಕೇರಿಯ ಮುದುಕಿಯೊಬ್ಬಳು ಕಂಡಳು. ಹುಡುಗರು ಹೇಗೆ ಕೆಲಸ ಮಾಡಿದರೆಂದು ಕೇಳಿದ್ದಕ್ಕೆ ಆಕೆ ಹೇಳಿದ ಮಾತು ಇದು: “ಒಳ್ಳೇ ಹುಡುಗ್ರು ಸ್ವಾಮಿ. ಚರಂಡಿ ಬಳಿದ್ರು, ಹಾಡು ಹೇಳಿದ್ರು. ಏಳು ದಿನದಾಗೆ ಒಬ್ರೂ ನಮ್ಮನ್ಯಾಗೆ ಒಂದು ಲೋಟ ನೀರು ಕುಡೀಲಿಲ್ಲ.” ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಮಳೆ ಬರಲಿಲ್ಲವೆಂದು ಹೇಳುವಂತೆ ಹೇಳಿದಳು. ಅಂದು ಅರ್ಧ ಗಂಟೆ ಸೇವಾಧರ್ಮವನ್ನು ಕುರಿತು ಮಾತನಾಡಿ ಬಂದವನಿಗೆ ಆ ಒಂದು ಮಾತಿನ ಮುಂದೆ ತನ್ನ ಭಾಷಣವು ಹೊಟ್ಟೆಂದು ತೋರಿತು. ನಾಚಿಕೆಯ ಸಂಗತಿಯೆಂದರೆ, ಹಾಗೆ ತೋರಿದವನೂ ಆಕೆಯ ಮನೆಯೊಳಗೆ ಹೋಗಿ ನೀರು ಕುಡಿಯಲಿಲ್ಲ, ಕಾರು ಕಾಯುತ್ತಿತ್ತು.

ಆದಕಾರಣ ನಮ್ಮ ಸೂಚನೆ ಇದು: ಶಿಬಿರದ ವಿದ್ಯಾರ್ಥಿಗಳನ್ನು ಶಾಲೆಯಲ್ಲಿ ಕೂಡಿಹಾಕದೆ, ಇಬ್ಬಿಬ್ಬರಂತೆ ಊರಿನ ಮನೆಗಳಲ್ಲಿ ಇರಿಸಬೇಕು. ಎಲ್ಲ ಕೇರಿಗಳ ಮನೆಗಳೂ ಇದರಲ್ಲಿ ಸೇರಬೇಕು. ಆ ಮನೆಯವರು ಉಣ್ಣುವುದನ್ನೇ ಅವರೂ ಉಣ್ಣಬೇಕು. ಮನೆಯವರು ಏಳುವ ಹೊತ್ತಿಗೆ ಎದ್ದು, ಅವರು ನೀರು ತರುವಲ್ಲಿಂದಲೇ ನೀರು ತರಬೇಕು.

ಇದಕ್ಕೆ ಬರುವ ಪೂರ್ವಪಕ್ಷಗಳನ್ನು ನಾವು ಬಲ್ಲೆವು, ಒಂದೊಂದನ್ನೇ ಎತ್ತಿಕೊಳ್ಳೋಣ.

ಬಡವರ ಮೇಲೆ ಭಾರ ಹೊರಿಸಿದಂತಾಗುವುದಿಲ್ಲವೆ ಎಂಬುದು ಮೊದಲನೆಯದು. ದಯೆಯಿಂದ ಹುಟ್ಟಿದ ಪ್ರಶ್ನೆಯಿದು, ಉತ್ತರವೂ ಸುಲಭ. ಅಡಿಗೆಯವನಿಗೂ ಪೇಟೆಯ ಅಂಗಡಿಗೂ ಹೋಗುವ ಹಣವನ್ನು ದವಸಧಾನ್ಯದ ರೂಪದಲ್ಲಿ ಮೊದಲೇ ಆಯಾ ಮನೆಗೆ ಮುಟ್ಟಿಸಬಹುದು. ಆದರೆ ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಮನೆಗೆ ಅತಿಥಿ ಬಂದರೆ ಅಡಿಗೆಯ ಭಾರ ಬೀಳುವುದು ಹೆಂಗಸರ ಮೇಲೆ. ಪರದೇಶದ ಸ್ವಯಂಸೇವಕನಿಗೆ ಪ್ರಮಾಣಪತ್ರ ದೊರೆಯುತ್ತದೆ. ಅವನಿಗೆ ಅನ್ನವಿಟ್ಟ ತಾಯಿಯ ಹೆಸರು ಯಾವ ಪತ್ರದಲ್ಲಿಯೂ ಇರುವುದಿಲ್ಲ. ಈ ಅನ್ಯಾಯ ನಮ್ಮಲ್ಲಿ ಆಗಬಾರದು. ಗಂಡು ವಿದ್ಯಾರ್ಥಿಯೂ ಒಲೆ ಉರಿಸಲಿ, ಮುದ್ದೆ ತೊಳಸಲಿ, ಮುಸುರೆ ತಿಕ್ಕಲಿ. ಆ 240 ಗಂಟೆಗಳಲ್ಲಿ ಇವೂ ಲೆಕ್ಕಕ್ಕೆ ಬರಲಿ. ಅಂಟಿಕೊಳ್ಳದಂತೆ ರಾಗಿ ಮುದ್ದೆ ಕಟ್ಟುವುದು ಚರಂಡಿ ಬಳಿಯುವುದಕ್ಕಿಂತ ಸುಲಭವೆಂದು ತಿಳಿದವನು ಒಮ್ಮೆ ಕಟ್ಟಿ ನೋಡಲಿ.

ಹೆಣ್ಣುಮಕ್ಕಳ ಸುರಕ್ಷತೆ ಎರಡನೆಯದು. ಇದನ್ನು ನಾವು ಲಘುವಾಗಿ ತಳ್ಳಿಹಾಕುವುದಿಲ್ಲ. ಹೆಣ್ಣುಮಕ್ಕಳಿರುವ ಮನೆಯನ್ನೇ ಆರಿಸುವುದು, ಇಬ್ಬರನ್ನು ಅಗಲಿಸದಿರುವುದು, ಅಧ್ಯಾಪಿಕೆಯು ಅದೇ ಕೇರಿಯಲ್ಲಿ ತಂಗುವುದು, ಒಲ್ಲದವರನ್ನು ಬಲಾತ್ಕರಿಸದಿರುವುದು, ಇವೆಲ್ಲ ಅವಶ್ಯವಾದ ಕಟ್ಟುಪಾಡುಗಳು. ಆದರೆ ಸಾವಿರಾರು ಮೈಲಿಯಾಚೆ, ಮುಖವನ್ನೇ ಕಾಣದ ಸಂಸಾರಕ್ಕೆ ಮಗಳನ್ನು ಕಳುಹಿಸಲು ಸಹಿ ಹಾಕುವ ತಂದೆಯು, ಹಿರಿಯೂರಿನಿಂದ ಹತ್ತು ಮೈಲಿಯ ಹಳ್ಳಿಗೆ ಹೆದರುವುದೇಕೆ? ಅಲ್ಲಿ ನಂಬಿಕೆ, ಇಲ್ಲಿ ಭಯ. ಈ ಭಯದ ಬೇರು ಬೇರೆಲ್ಲಿಯೋ ಇದೆ.

ಆ ಬೇರೇ ಮೂರನೆಯ ಆಕ್ಷೇಪಣೆ. ಅದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ. ‘ಯಾರ ಪೈಕಿ ಮನೆ?’ ಎಂದು ಮೆಲ್ಲನೆ ಕೇಳುತ್ತಾರೆ. ಪರದೇಶದ ಮನೆಯ ಪಾಕಶಾಲೆಯಲ್ಲಿ ಏನು ಬೇಯುತ್ತದೆಂದು ವಿಚಾರಿಸದವರು ಇಲ್ಲಿ ಯಾರು ಬೇಯಿಸಿದರೆಂದು ವಿಚಾರಿಸುತ್ತಾರೆ. ಪರದೇಶಿಯ ಜಾತಿ ನಮಗೆ ತಿಳಿಯದು, ಆದ್ದರಿಂದ ಅವನ ಮನೆಯ ಅನ್ನ ಮೈಲಿಗೆಯಲ್ಲ. ನೆರೆಯವನ ಜಾತಿ ನಮಗೆ ತಿಳಿದಿದೆ, ಆದ್ದರಿಂದ ಅವನ ಮನೆಯ ನೀರೂ ಗಂಟಲಿಳಿಯದು. ಇದು ಆಚಾರವೆ? ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕಾಲೇಜಿನ ಶಿಬಿರವು ಮಾತ್ರ ಬೇರೆ ಅಡಿಗೆಯವನನ್ನು ಕರೆದುಕೊಂಡು ಹೋಗಿ, ಆ ಪ್ರಶ್ನೆಯೇ ಏಳದಂತೆ ನೋಡಿಕೊಂಡಿತು. ಜಾಣತನವೇ ಸರಿ, ಸೇವೆಯಲ್ಲ.

ನಮ್ಮ ಹಿರಿಯರು ವಾರಾನ್ನ ಹಾಕಿ ಮಕ್ಕಳನ್ನು ಓದಿಸಲಿಲ್ಲವೆ ಎಂದು ಕೆಲವರು ಕೇಳಿಯಾರು. ಓದಿಸಿದರು, ಅದು ದೊಡ್ಡ ಪುಣ್ಯ. ದಿನಕ್ಕೊಂದು ಮನೆಯಂತೆ ಉಂಡು ಓದಿ ದೊಡ್ಡವರಾದವರು ಈ ನಾಡಿನಲ್ಲಿ ಎಷ್ಟೋ ಮಂದಿ. ಆದರೆ ವಾರಾನ್ನದ ಎಲೆಗಳು ಬಹುಮಟ್ಟಿಗೆ ಸ್ವಜಾತಿಯ ಪಂಕ್ತಿಯಲ್ಲಿಯೇ ಬಿದ್ದವು. ಆ ಔದಾರ್ಯವನ್ನು ಉಳಿಸಿಕೊಂಡು ಆ ಎಲ್ಲೆಯನ್ನು ದಾಟುವುದು ನಮ್ಮ ಕಾಲದ ಕರ್ತವ್ಯ.

ಏಳು ದಿನದಲ್ಲಿ ಏನಾದೀತು ಎಂಬುದು ನಾಲ್ಕನೆಯದು. ನಿಜ, ಊರಿನಲ್ಲಿ ಬಹಳ ಬದಲಾವಣೆ ಆಗದು; ವಿದ್ಯಾರ್ಥಿಯಲ್ಲಿ ಆದೀತು. ಒಂದು ಉದಾಹರಣೆ ಸಾಕು. ನಮ್ಮ ಜಿಲ್ಲೆಯಲ್ಲಿ ಕಾಡುಗೊಲ್ಲರ ಹಟ್ಟಿಗಳು ಅನೇಕ. ಜುಂಜಪ್ಪ, ಎತ್ತಪ್ಪರ ಕಾವ್ಯಗಳನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಜನರಿವರು. ಮುಟ್ಟಾದ ಹೆಂಗಸನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿರಿಸುವ ರೂಢಿಯೂ ಅಲ್ಲಿ ಬೇರೂರಿದೆ. ಇದನ್ನು ನಿಷೇಧಿಸುವ ಅಂಶವು ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯಿದೆಯಲ್ಲಿಯೂ ಸೇರಿದೆ. ಶಿಬಿರದ ಭಾಷಣಕಾರನು ಹಟ್ಟಿಯ ಬೇಲಿಯ ಬಳಿ ನಿಂತು, ‘ಇದು ಮೌಢ್ಯ’ವೆಂದು ಸಾರಿ ಹೊರಟುಹೋಗುತ್ತಾನೆ. ಹಟ್ಟಿಯವರು ಅದನ್ನು ಬಯ್ಗಳವೆಂದೇ ಎಣಿಸುತ್ತಾರೆ. ಆ ಹಟ್ಟಿಯ ಮನೆಯೊಂದರಲ್ಲಿ ಮಲಗೆದ್ದ ವಿದ್ಯಾರ್ಥಿನಿಯ ಸಂಗತಿಯೇ ಬೇರೆ. ತನ್ನೊಡನೆ ರೊಟ್ಟಿ ತಟ್ಟಿದವಳು ಮರುದಿನ ಹೊರಗೆ ಹೋಗಬೇಕಾಗಿ ಬಂದಾಗ, ಆಕೆಗೆ ಅದು ಪದ್ಧತಿಯೆಂದಲ್ಲ, ಒಬ್ಬಳ ದುಃಖವೆಂದು ತಿಳಿಯುತ್ತದೆ. ಆಕೆ ಕೇಳುವ ಪ್ರಶ್ನೆಗೆ ಬೇಲಿಯೊಳಗಿನಿಂದ ಉತ್ತರ ದೊರೆಯುತ್ತದೆ. ತಿರುಗಿ ಬಂದ ಮೇಲೆ, ತನ್ನ ಸ್ವಂತ ಮನೆಯಲ್ಲಿಯೂ ತಾಯಿಯೋ ಅತ್ತಿಗೆಯೋ ತಿಂಗಳಿಗೆ ಮೂರು ದಿನ ಮೂಲೆಯಲ್ಲಿ ಕೂರುವುದು ಆಕೆಯ ಕಣ್ಣಿಗೆ ಬಿದ್ದೀತು! ವಿದ್ಯಾವಂತ ಗೃಹಸ್ಥರಿಗೆ ಇದೂ ಒಂದು ಹೆದರಿಕೆಯಿರಬಹುದು.

ಹಾಗೆಯೇ ನೀರಿನ ಮಾತು. ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಅದು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಉಪನ್ಯಾಸದಲ್ಲಿ ಇದನ್ನು ಕೇಳಿದವನು ಬರೆದುಕೊಳ್ಳುತ್ತಾನೆ. ಮೊಳಕಾಲು ನೋವಿನಿಂದ ಏಳಲಾರದ ಮನೆಯ ಯಜಮಾನನೊಡನೆ ಏಳು ರಾತ್ರಿ ಕಳೆದವನು ಅದನ್ನು ಮರೆಯಲಾರನು.

ನಾವು ಹೇಳುತ್ತಿರುವುದು ಹೊಸದೇನೂ ಅಲ್ಲ. 1946ರ ನವೆಂಬರಿನಲ್ಲಿ ಮತೀಯ ದ್ವೇಷದಿಂದ ಬೆಂದಿದ್ದ ನವಾಖಾಲಿಗೆ ಹೋದ ಮಹಾತ್ಮಾ ಗಾಂಧಿಯವರು ತಮ್ಮ ಸಂಗಡಿಗರಿಗಾಗಿ ಒಂದು ಶಿಬಿರ ಹೂಡಲಿಲ್ಲ. ಗುಂಪನ್ನು ಒಡೆದು ಒಬ್ಬೊಬ್ಬರನ್ನು ಒಂದೊಂದು ಹಳ್ಳಿಗೆ ಕಳುಹಿಸಿ, ಅಲ್ಲಿನ ಜನರ ನಡುವೆ ಇರುವಂತೆ ಮಾಡಿದರು; ತಾವು ಶ್ರೀರಾಮಪುರದಲ್ಲಿ ನಿಂತರು. ಅವರ ಶತಾಬ್ದಿಯ ನೆನಪಿಗೆ ಹುಟ್ಟಿದ ಯೋಜನೆಯು ಅವರ ಈ ಪಾಠವನ್ನೇ ಬಿಟ್ಟುಬಿಟ್ಟಿತು.

ಅಷ್ಟು ದೂರವೇಕೆ? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನೇ ನೋಡಿ. ಕರಾವಳಿಯಲ್ಲಿ ಹುಟ್ಟಿದ ರಾಘವೇಂದ್ರ ಸ್ವಾಮಿಗಳು ಊರೂರು ತಿರುಗಿ ಯೋಗ ವ್ಯಾಯಾಮಗಳನ್ನು ಕಲಿಸುತ್ತ ಈ ಬಯಲು ಸೀಮೆಗೆ ಬಂದವರು. 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮ ಹುಟ್ಟಿತು. ಜೋಳಿಗೆ ಹಿಡಿದು ಜನರ ಬಾಗಿಲಿಗೆ ಹೋದ ಆ ಪುಣ್ಯಪುರುಷರು 1996ರಲ್ಲಿ ದೇಹ ಬಿಡುವವರೆಗೂ ಇಲ್ಲಿಯವರಾಗಿಯೇ ಉಳಿದರು. ಅವರು ಆರಿಸಿಕೊಂಡ ಕಾವ್ಯನಾಮ ‘ತಿರುಕ’. ಕೊಡಲು ಬಂದವನು ಮೊದಲು ಬೇಡಲು ಕಲಿಯಬೇಕೆಂಬುದನ್ನು ಆ ಒಂದು ಪದ ಹೇಳುತ್ತದೆ. ನಮ್ಮ ಶಿಬಿರಗಳು ಬೇಡುವುದಿಲ್ಲ, ಕೊಟ್ಟು ಹೋಗುತ್ತವೆ. ಆದ್ದರಿಂದಲೇ ಅವು ಕೊಟ್ಟದ್ದು ಊರಿನಲ್ಲಿ ನಿಲ್ಲುವುದಿಲ್ಲ. ಯಾರಿಂದಲೂ ಏನನ್ನೂ ಪಡೆಯದೆ ಕೊಡುವವನು ತನ್ನನ್ನು ಮೇಲಿರಿಸಿಕೊಂಡೇ ಕೊಡುತ್ತಾನೆ.

ಎಲ್ಲವೂ ಒಂದೇ ದಿನ ಬದಲಾಗಲೆಂದು ನಾವು ಹೇಳುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಕಡೆ ಒಂದೊಂದು ಕಾಲೇಜು, ಒಂದೊಂದು ಹಳ್ಳಿ, ಹತ್ತು ಹತ್ತು ಮನೆಗಳನ್ನು ಆರಿಸಿಕೊಳ್ಳಲಿ. ಎರಡನೆಯ ವರ್ಷವೂ ಅದೇ ವಿದ್ಯಾರ್ಥಿಗಳು ಅದೇ ಮನೆಗಳಿಗೆ ಹೋಗಲಿ. ಹಾಗೆಯೇ ಆ ಮನೆಯ ಮಕ್ಕಳು ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳ ಮನೆಗಳಿಗೆ, ಅಂದರೆ ನಮ್ಮ ನಿಮ್ಮ ಮನೆಗಳಿಗೆ, ಬಂದು ಏಳು ದಿನ ಇರಲಿ. ನಮ್ಮ ಪಂಕ್ತಿಯಲ್ಲಿ ಕೂತು ಉಣ್ಣಲಿ. ಈ ಕೊನೆಯ ಸೂಚನೆಯನ್ನು ಓದುವಾಗ ಯಾವ ವಾಚಕರ ಎದೆ ಒಂದು ಕ್ಷಣ ಹಿಂಜರಿಯಿತೋ, ಈ ಲೇಖನವನ್ನು ಬರೆದದ್ದು ಅವರಿಗಾಗಿ.

ಪರದೇಶದ ಮನೆಯಲ್ಲಿ ನಮ್ಮ ಮಕ್ಕಳು ತಟ್ಟೆ ತೊಳೆದು ಬಂದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳೋಣ. ಆದರೆ ಊರಂಚಿನ ಆ ಮುದುಕಿಯ ಮನೆಯಲ್ಲಿ ನೀರಿನ ಲೋಟ ಇನ್ನೂ ಕಾದಿದೆ. ಅದನ್ನು ಕುಡಿಯುವುದಕ್ಕೆ ರಹದಾರಿ ಬೇಡ, ವಿಮಾನ ಬೇಡ. ಹೊಸ್ತಿಲು ದಾಟಿದರೆ ಸಾಕು.