‘ಡೆಡ್’ ಎಂಬುದು ಕಾಯಿಲೆಯ ಹೆಸರಲ್ಲ

ನಮ್ಮ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳ ಲ್ಯಾಪ್‌ಟಾಪ್ ಜೂನ್ ತಿಂಗಳ ಒಂದು ಬೆಳಿಗ್ಗೆ ಆನ್ ಆಗಲಿಲ್ಲ. ಹಿಂದಿನ ರಾತ್ರಿ ಹನ್ನೊಂದರವರೆಗೂ ಸರಿಯಾಗಿಯೇ ಇತ್ತು. ಚಾರ್ಜರ್ ಸಿಕ್ಕಿಸಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದಳು. ಎರಡು ದಿನ ಬಿಟ್ಟು ಅವರು ಕೊಟ್ಟ ಚೀಟಿಯಲ್ಲಿ ‘ತೊಂದರೆ’ ಎಂಬ ಜಾಗದಲ್ಲಿ ಒಂದೇ ಪದವಿತ್ತು: ಡೆಡ್. ‘ಪರಿಹಾರ’ ಎಂಬಲ್ಲಿ, ಮದರ್‌ಬೋರ್ಡ್ ಬದಲಾವಣೆ, 38,500 ರೂಪಾಯಿ, ತೆರಿಗೆ ಬೇರೆ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಸೇರಿಸಿದನಂತೆ: “ಐದು ವರ್ಷದ ಹಳೇ ಪೀಸ್ ಮೇಡಂ. ಇದಕ್ಕೆ ದುಡ್ಡು ಹಾಕೋ ಬದಲು ಇನ್ನೊಂದು ಹದಿನೈದು ಸೇರಿಸಿ ಹೊಸದೇ ತಗೊಂಡ್ಬಿಡಿ.”

ಒಳಗಿದ್ದದ್ದು ಹಾಸನದ ಕಡೆಯ ಹಳ್ಳಿಗಳಲ್ಲಿ ಎರಡು ವರ್ಷ ಓಡಾಡಿ ಧ್ವನಿಮುದ್ರಿಸಿಕೊಂಡ ಸೋಬಾನೆ ಪದಗಳು. ಅರ್ಧದಷ್ಟು ಪೆನ್‌ಡ್ರೈವಿನಲ್ಲೂ ಇವೆ, ಉಳಿದವು ಅಲ್ಲಿ ಮಾತ್ರ. ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು ಎಂದು ಬೈಯುವವರು ಬೈಯಲಿ, ನಾನೂ ಬೈದಿದ್ದೇನೆ. “ಡೇಟಾಗೆ ನಾವು ಜವಾಬ್ದಾರರಲ್ಲ” ಎಂದು ಸರ್ವಿಸ್ ಸೆಂಟರಿನವರು ಸಹಿ ಹಾಕಿಸಿಕೊಂಡಿದ್ದರು. ಅವಳು ನನ್ನ ಹತ್ತಿರ ಬಂದದ್ದು ರಿಪೇರಿಯ ವಿಚಾರ ಕೇಳುವುದಕ್ಕಲ್ಲ, ಇಪ್ಪತ್ತನಾಲ್ಕು ತಿಂಗಳ ಕಂತಿನ ಅರ್ಜಿಗೆ ಜಾಮೀನಿನ ಸಹಿ ಕೇಳುವುದಕ್ಕೆ. ಶಿಷ್ಯವೇತನ ನಾಲ್ಕು ತಿಂಗಳಿಂದ ಬಂದಿರಲಿಲ್ಲ.

ನಾನು ಸಹಿ ಹಾಕಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಏನು ಕೆಟ್ಟಿದೆಯಂತೆ?

“ಬೋರ್ಡ್ ಹೋಗಿದೆಯಂತೆ ಸರ್.”

ಬೋರ್ಡಿನಲ್ಲಿ ಏನು?

ಅವಳಿಗೆ ಗೊತ್ತಿರಲಿಲ್ಲ. ಹೇಳಿದವರಿಗೂ ಗೊತ್ತಿರಲಿಲ್ಲ, ನನ್ನ ತಕರಾರು ಇರುವುದೇ ಇಲ್ಲಿ. ಕೆಟ್ಟ ಲ್ಯಾಪ್‌ಟಾಪನ್ನು ರಿಪೇರಿ ಮಾಡಿಸಬೇಕೋ ಹೊಸದು ಕೊಳ್ಳಬೇಕೋ ಎಂಬುದನ್ನು ನಾವು ಜಾತಕ ಕೂಡಿಸುವ ಹಾಗೆ ಚರ್ಚಿಸುತ್ತೇವೆ. ಎಷ್ಟು ವರ್ಷವಾಯಿತು, ಎಷ್ಟು ಜಿಬಿ, ಎಕ್ಸ್‌ಚೇಂಜಿನಲ್ಲಿ ಎಷ್ಟು ಬರುತ್ತದೆ. ಆದರೆ ರೋಗದ ಹೆಸರು ಗೊತ್ತಿಲ್ಲದೆ ಈ ಚರ್ಚೆಗೆ ಅರ್ಥವೇ ಇಲ್ಲ. ‘ಡೆಡ್’ ಎಂದು ಬರೆದವರು ಯಂತ್ರವನ್ನು ಪರೀಕ್ಷಿಸಿಲ್ಲ, ತೀರ್ಪು ಕೊಟ್ಟಿದ್ದಾರೆ. ಜ್ವರ ಬಂದವನಿಗೆ ಯಾವ ಜ್ವರವೆಂದು ನೋಡದೆ ‘ದೇಹ ಬದಲಾಯಿಸಿ’ ಎಂದು ಚೀಟಿ ಬರೆಯುವ ವೈದ್ಯನನ್ನು ನಾವು ಸುಮ್ಮನೆ ಬಿಡುತ್ತಿದ್ದೆವೇ?

ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾದರ ಪತ್ರಪ್ಪ ರಸ್ತೆ ಇದೆ. ಬೆಂಗಳೂರಿನ ಬಾಯಲ್ಲಿ ಅದು ಎಸ್.ಪಿ. ರೋಡ್. ಅಲ್ಲಿನ ಒಂದು ಮಹಡಿ ಮೆಟ್ಟಿಲಿನ ಕೆಳಗೆ, ಮೂವರು ಕೂತರೆ ನಾಲ್ಕನೆಯವರು ನಿಲ್ಲಲಾಗದಂಥ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ಕೂತಿದ್ದಾತ ಮಾತು ಕಡಿಮೆ. ಹಿಂಬದಿಯ ಸ್ಕ್ರೂ ಬಿಚ್ಚಿ, ಒಳಗಿನಿಂದ ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟು ಉದ್ದದ ಒಂದು ಕಾರ್ಡನ್ನು ತೆಗೆದು ಅವಳ ಕೈಗೆ ಕೊಟ್ಟ. “ನಿಮ್ ಡೇಟಾ ಎಲ್ಲಾ ಇದ್ರಲ್ಲೇ ಇದೆ, ಇಟ್ಕೊಳಿ.” ಒಂದೇ ಸ್ಕ್ರೂವಿನಲ್ಲಿ ನಿಂತಿದ್ದ ಎಸ್‌ಎಸ್‌ಡಿ ಅದು. ಐನೂರು ಆರುನೂರು ರೂಪಾಯಿಯ ಡಬ್ಬಿಯೊಳಗೆ ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಓದಬಹುದು. ಎನ್‌ಕ್ರಿಪ್ಟ್ ಆಗಿದ್ದರೆ ಅದರ ಕೀಲಿ ಬೇಕು, ಅವಳ ಖಾತೆಯಲ್ಲಿ ಅದು ಸಿಕ್ಕಿತು. ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡದಿದ್ದ ಹುಡುಗಿಗೆ ಈ ಒಂದು ಮಾತನ್ನು ಆ ತಣ್ಣನೆಯ ಎಸಿ ಕೌಂಟರಿನಲ್ಲಿ ಯಾರೂ ಹೇಳಿರಲಿಲ್ಲ. (ಎಲ್ಲ ಯಂತ್ರಗಳಲ್ಲೂ ಹೀಗೆ ತೆಗೆಯಲಾಗದು. ಕೆಲವು ಕಂಪನಿಗಳು ಸ್ಟೋರೇಜನ್ನೂ ಬೋರ್ಡಿಗೇ ಬೆಸೆದುಬಿಡುತ್ತವೆ. ಅಂಥಲ್ಲಿ ಬೋರ್ಡ್ ಬದಲಿಸಿದರೆ ನೆನಪೂ ಹೋಯಿತು.)

ಆಮೇಲೆ ಆತ ಬೋರ್ಡನ್ನು ಹೊರತೆಗೆದು ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ಅಲ್ಲಲ್ಲಿ ಮುಟ್ಟಿಸಿದ. ಮೀಟರು ಕುಂಯ್ ಎಂದಿತು. ಚಾರ್ಜರಿನಿಂದ ಬರುವ ಕರೆಂಟು ಒಳಗೆ ಹಂಚಿಹೋಗುವ ಮುಖ್ಯ ದಾರಿಯೇ ನೆಲಕ್ಕೆ ಶಾರ್ಟ್ ಆಗಿದೆ. ಅದನ್ನು ಕಂಡುಕೊಂಡ ಬೋರ್ಡು ತನ್ನನ್ನು ತಾನೇ ಮುಚ್ಚಿಕೊಂಡಿದೆ. ಸತ್ತಿರಲಿಲ್ಲ, ಉಸಿರು ಬಿಗಿಹಿಡಿದಿತ್ತು. ಶಾರ್ಟ್ ಎಲ್ಲಿದೆ ಎಂದು ಹುಡುಕಿದ ಕ್ರಮವನ್ನು ನಾನು ಮರೆಯಲಾರೆ. ಬೋರ್ಡಿನ ಮೇಲೆಲ್ಲ ಸ್ಪಿರಿಟ್ ಸವರಿ, ಒಂದು ವೋಲ್ಟಿನಷ್ಟು ಮಾತ್ರ ವಿದ್ಯುತ್ತನ್ನು ಹೊರಗಿನಿಂದ ಬಿಟ್ಟ. ಕೆಟ್ಟ ಭಾಗ ಇದ್ದ ಕರೆಂಟನ್ನೆಲ್ಲ ನುಂಗಿ ಬಿಸಿಯಾಗುತ್ತದೆ, ಅಲ್ಲಿ ಸ್ಪಿರಿಟ್ ಮೊದಲು ಆರುತ್ತದೆ. ಒಂದು ಮೂಲೆಯಲ್ಲಿ, ಕಣ್ಣೆದುರೇ, ಒದ್ದೆ ಸರಿದು ಚುಕ್ಕೆಯಷ್ಟು ಜಾಗ ಒಣಗಿತು. ಅಲ್ಲಿದ್ದದ್ದು ಸಾಸಿವೆ ಕಾಳಿಗಿಂತ ಚಿಕ್ಕದೊಂದು ಕೆಪಾಸಿಟರ್. ಬಿಸಿಗಾಳಿ ಊದಿ ಅದನ್ನು ಎತ್ತಿ, ಗುಜರಿ ಬೋರ್ಡೊಂದರಿಂದ ಇನ್ನೊಂದನ್ನು ಬಿಡಿಸಿ ಕೂರಿಸಿದ. ಚಾರ್ಜರ್ ಸಿಕ್ಕಿಸಿದಾಗ ದೀಪ ಹತ್ತಿತು. 2,500 ರೂಪಾಯಿ ತೆಗೆದುಕೊಂಡ. ಬಿಡಿಭಾಗದ ಬೆಲೆ ಹತ್ತು ರೂಪಾಯಿಯೂ ಇರಲಾರದು, ಉಳಿದದ್ದು ಕಣ್ಣಿನ, ಕೈಯ, ತಿಳಿವಳಿಕೆಯ ಕೂಲಿ. ಆ ಕೂಲಿಯಲ್ಲಿ ಒಂದು ಪೈಸೆ ಚೌಕಾಸಿ ಮಾಡಲೂ ನನಗೆ ಮನಸ್ಸಾಗಲಿಲ್ಲ.

ಎಲ್ಲ ಲ್ಯಾಪ್‌ಟಾಪುಗಳೂ ಹತ್ತು ರೂಪಾಯಿಯ ಕೆಪಾಸಿಟರಿನಿಂದಲೇ ಕೆಡುತ್ತವೆ ಎಂದು ನಾನು ಹೇಳುತ್ತಿಲ್ಲ. ಪ್ರೊಸೆಸರೇ ಸುಟ್ಟಿದ್ದರೆ, ಚಹಾ ಚೆಲ್ಲಿ ತಿಂಗಳುಗಟ್ಟಲೆ ಬಿಟ್ಟು ಬೋರ್ಡಿನ ಒಳಪದರಗಳು ಕಿಲುಬು ಹಿಡಿದಿದ್ದರೆ, ಹೊಸದೇ ಗತಿ. ಬ್ಯಾಟರಿ ಉಬ್ಬಿದ್ದರೆ ಆ ಬ್ಯಾಟರಿಯನ್ನು ಇನ್ನೊಂದು ದಿನವೂ ಬಳಸಬಾರದು. ಎಸ್.ಪಿ. ರೋಡಿನಲ್ಲಿ ಸಂತರೇ ಕೂತಿದ್ದಾರೆ ಎಂದೂ ನಾನು ಹೇಳುವುದಿಲ್ಲ. ಚಿಪ್ಪಿಗೆ ಸುಮ್ಮನೆ ಬಿಸಿಗಾಳಿ ಊದಿ, ಹದಿನೈದು ದಿನ ಓಡುವಂತೆ ಮಾಡಿ ಕೈತೊಳೆದುಕೊಳ್ಳುವವರು ಅಲ್ಲೂ ಇದ್ದಾರೆ. ಅವರನ್ನು ಕಂಡುಹಿಡಿಯುವುದೂ ಅದೇ ಪ್ರಶ್ನೆಯಿಂದ: ಏನು ಕೆಟ್ಟಿತ್ತು, ತೋರಿಸಿ.

ಈಗ ಆ ಪ್ರಸಿದ್ಧ ಲೆಕ್ಕಕ್ಕೆ ಬರೋಣ. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದು ಕೊಳ್ಳಬೇಕಂತೆ. ಕೇಳಲು ಎಷ್ಟು ಜಾಣತನದ ಮಾತು! ಆದರೆ ಈ ಲೆಕ್ಕದಲ್ಲಿ ರಿಪೇರಿಯ ಖರ್ಚನ್ನು ನಿಗದಿ ಮಾಡುವವನು ಯಾರು? ಹೊಸದನ್ನು ಮಾರುವವನೇ. ಮೊದಲು ರ್‍ಯಾಮನ್ನೂ ಪ್ರೊಸೆಸರನ್ನೂ ಬೋರ್ಡಿಗೆ ಬೆಸೆದು ಒಂದೇ ಮಾಡುತ್ತಾನೆ. ಆಮೇಲೆ, ಯಾವುದು ಕೆಟ್ಟರೂ ಎಲ್ಲವನ್ನೂ ಬದಲಿಸಬೇಕು ಎನ್ನುತ್ತಾನೆ. ಕೊನೆಗೆ ಆ ಎಲ್ಲದರ ಬೆಲೆ ಕೂಡಿಸಿ, ನೋಡಿ ಅರ್ಧ ದಾಟಿತು ಎನ್ನುತ್ತಾನೆ. ನೆಗಡಿ ಬಂತೆಂದು ಮೂಗು ಕೊಯ್ಯುವುದೂ ಅವನೇ, ಹೊಸ ಮೂಗಿನ ದರಪಟ್ಟಿ ಹಿಡಿದು ನಿಲ್ಲುವುದೂ ಅವನೇ. “ಈ ಲ್ಯಾಪ್‌ಟಾಪಿನ ರೀಸೇಲ್ ಬೆಲೆಯೇ ಹನ್ನೆರಡು ಸಾವಿರ” ಎಂಬುದು ಇನ್ನೊಂದು ಹೆದರಿಕೆ. ರೀಸೇಲ್ ಬೆಲೆ ಮಾರುವವನಿಗೆ ಮುಖ್ಯ. ಅದರ ಮೇಲೆ ಪ್ರಬಂಧ ಬರೆಯುತ್ತಿರುವವಳಿಗೆ ಅದು ಬರೆಯುತ್ತದೋ ಇಲ್ಲವೋ ಎಂಬುದಷ್ಟೇ ಮುಖ್ಯ.

ಕೆಡದೆಯೇ ಸತ್ತವುಗಳೂ ಇವೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಅವರ ಪಟ್ಟಿಯಲ್ಲಿರುವ ಪ್ರೊಸೆಸರೂ ಇರಬೇಕು. 2016ರಲ್ಲಿ ಕೊಂಡ, ಒಂದು ಕೀಲಿಯೂ ಸವೆಯದ ಲ್ಯಾಪ್‌ಟಾಪು ಆ ಪಟ್ಟಿಯಲ್ಲಿಲ್ಲ. ಅಂಥದಕ್ಕೆ ಲಿನಕ್ಸ್ ಹಾಕಿಕೊಂಡು ಯೂನಿಕೋಡ್ ಕನ್ನಡದಲ್ಲಿ ನೆಮ್ಮದಿಯಾಗಿ ಬರೆಯಬಹುದು. ಈ ಲೇಖನ ಹಾಗೇ ಬರೆದದ್ದು. ಆದರೆ ಅಂಗಡಿಯವರು ಅದನ್ನು ನಿಮಗೆ ಹೇಳುವುದಿಲ್ಲ.

ನನ್ನ ಐಟಿ ಗೆಳೆಯರ ವಾದ ಬೇರೆ. ತಂತ್ರಜ್ಞಾನ ಈಗ ಅಷ್ಟು ಸೂಕ್ಷ್ಮ, ರಿಪೇರಿ ಸಾಧ್ಯವೇ ಇಲ್ಲ, ತೆಳುವಾಗಬೇಕಾದರೆ ಬೆಸೆಯಲೇಬೇಕು ಎನ್ನುತ್ತಾರೆ. ತೆಳು ಬೇಕೆಂದು ನಾವು ಕೇಳಿದ್ದೂ ಹೌದು, ಆ ಪಾಲಿನ ತಪ್ಪು ನಮ್ಮದು. ಆದರೆ ಸೂಕ್ಷ್ಮತೆಯೇ ಕಾರಣವಾದರೆ ಸರ್ಕ್ಯೂಟ್ ನಕ್ಷೆಯನ್ನು ಬಚ್ಚಿಡುವುದೇಕೆ? ಅನೇಕ ಹಳೆಯ ವಾಲ್ವ್ ರೇಡಿಯೋಗಳ ಹಿಂಬದಿಯ ಮುಚ್ಚಳದ ಒಳಗೆ ಅದರ ಸರ್ಕ್ಯೂಟ್ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಆ್ಯಪಲ್ ಕಂಪನಿಯೇ 1978ರಲ್ಲಿ ತನ್ನ ಆ್ಯಪಲ್-2 ಕಂಪ್ಯೂಟರಿನ ಕೈಪಿಡಿಯಲ್ಲಿ ಇಡೀ ನಕ್ಷೆಯನ್ನು ಅಚ್ಚು ಹಾಕಿತ್ತು. ಇವತ್ತು ಎಸ್.ಪಿ. ರೋಡಿನ ಆ ಕೈಗಾರ ನೋಡುತ್ತಿದ್ದ ನಕ್ಷೆ ಎಲ್ಲಿಂದಲೋ ಸೋರಿದ, ಟೆಲಿಗ್ರಾಂ ಗುಂಪೊಂದರಲ್ಲಿ ಸಿಕ್ಕಿದ ಪ್ರತಿ. ನಮ್ಮ ದುಡ್ಡು ಕೊಟ್ಟು ಕೊಂಡ ವಸ್ತುವಿನ ಒಳಗೇನಿದೆ ಎಂದು ತಿಳಿಯಲು ಕಳ್ಳದಾರಿ ಹಿಡಿಯಬೇಕಾಗಿದೆ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಅಲ್ಲಿ ಬಹುಮಟ್ಟಿಗೆ ಸಿಗುವುದು ಕಂಪನಿಗಳು ತಾವೇ ಕೊಟ್ಟ ಮಾಹಿತಿ ಮತ್ತು ಅವರದೇ ಸರ್ವಿಸ್ ಸೆಂಟರುಗಳ ದಾರಿ. ಅಂದರೆ ‘ಡೆಡ್’ ಎಂದು ಬರೆದ ಕೌಂಟರಿಗೇ ಮತ್ತೆ ಕಳಿಸಿದ ಹಾಗಾಯಿತು. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪಿನ ಬೆಲೆಯ ಪಕ್ಕದಲ್ಲೇ ಅದು ಎಷ್ಟು ರಿಪೇರಿಯೋಗ್ಯ ಎಂಬುದಕ್ಕೆ ಹತ್ತಕ್ಕೆ ಇಂತಿಷ್ಟು ಅಂಕ ಎಂದು ತೋರಿಸಬೇಕು. ನಕ್ಷೆ ಸಿಗುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ, ಬಿಚ್ಚುವುದು ಸುಲಭವೇ ಎಂಬುದರ ಮೇಲೆ ಆ ಅಂಕ. ಇಲ್ಲಿ ನಾವು ಕೊಳ್ಳುವಾಗ ಯಾರಾದರೂ ಇದನ್ನು ಕೇಳುತ್ತೇವೆಯೇ? ಉಚಿತ ಬ್ಯಾಗು ಕೇಳುತ್ತೇವೆ.

ಇದರಲ್ಲಿ ಪರಿಸರದ ಮಾತೂ ಇದೆ. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಉಗುಳುವ ಇಂಗಾಲದ ಬಹುಪಾಲು ನಾವು ಬಳಸುವಾಗಲ್ಲ, ಅದನ್ನು ತಯಾರಿಸುವಾಗಲೇ ಹೊರಬಿದ್ದಿರುತ್ತದೆ. ಕಂಪನಿಗಳ ವರದಿಗಳೇ ಇದನ್ನು ಒಪ್ಪುತ್ತವೆ. ಆದರೂ ಶಿಷ್ಯವೇತನ ಬಾರದ ಹುಡುಗಿಗೆ ಭೂಮಿಯ ಹೊರೆಯನ್ನು ಹೊರಿಸುವ ಉಪದೇಶ ನನಗೆ ಒಗ್ಗದು. ಆ ಉಪದೇಶ ಬೆಸೆಯುವವನಿಗೆ ಹೋಗಲಿ.

ಅವಳ ಲ್ಯಾಪ್‌ಟಾಪು ಈಗ ಎಂಟು ತಿಂಗಳಿಂದ ನಡೆಯುತ್ತಿದೆ. ಕಂತಿನ ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಉಳಿದಿದೆ. ಆತ ಕಿತ್ತು ಕೊಟ್ಟ ಕೆಪಾಸಿಟರನ್ನು ಅವಳು ಸೆಲೋಟೇಪಿನಿಂದ ಸರ್ವಿಸ್ ಸೆಂಟರಿನ ಚೀಟಿಯ ಮೇಲೆ, ‘ಡೆಡ್’ ಎಂಬ ಪದದ ಪಕ್ಕದಲ್ಲಿ, ಅಂಟಿಸಿ ಇಟ್ಟುಕೊಂಡಿದ್ದಾಳೆ. ಎಡಗಡೆಯ ಕೀಲು ಸಡಿಲವಾಗಿದೆ, ಬ್ಯಾಟರಿ ನಲವತ್ತು ನಿಮಿಷ ನಿಲ್ಲುತ್ತದೆ. ಶಿಷ್ಯವೇತನ ಬಂದ ಕೂಡಲೇ ಬ್ಯಾಟರಿ ಹಾಕಿಸುತ್ತಾಳಂತೆ.